ಎಲ್ಲರ ತೊಡೆಯ ಮೇಲೆ ಸತ್ತವನು

ಭಾಷಣದಲ್ಲಿ ಐಸ್‌ಕ್ಯಾಂಡಿಯ ಮಾತು ಬಂದಾಗ ಕಸ್ತೂರೆವ್ವ ಕುರ್ಚಿಯಿಂದ ಎದ್ದು ನಿಂತಳು.

ಹುತಾತ್ಮರ ಮನೆಯವರಿಗೆಂದು ಕಾದಿರಿಸಿದ ಮೊದಲ ಸಾಲಿನಲ್ಲಿ ಅವಳ ಕುರ್ಚಿ. ಹನ್ನೊಂದು ವರ್ಷಗಳ ಹಿಂದೆ ಇದೇ ಕಳಸಗಡ್ಡಿ ಊರಿನ ಗಿರಣಿ ಗೇಟಿನ ಮುಂದೆ ಎದುರಾಳಿ ನಾಯಕರಾದ ಬಸಲಿಂಗಪ್ಪ ತಾಳಿಕೋಟಿಯವರ ಕಡೆಯವರಿಗೂ ವಿರೂಪಾಕ್ಷಗೌಡ ನಾಡಗೌಡರ ಕಡೆಯವರಿಗೂ ಬಡಿದಾಟವಾಗಿತ್ತು. ಅವಳ ತಮ್ಮ ಫಕೀರಪ್ಪ ತಾಳಿಕೋಟಿಯವರ ಕಡೆಯವನು. ತಲೆಗೆ ಕಲ್ಲು ಬಿದ್ದು ಅಲ್ಲಿಯೇ ಸತ್ತಿದ್ದ. ಪ್ರತಿ ವರ್ಷ ಆ ದಿನ ತಾಳಿಕೋಟಿಯವರು ಗಿರಣಿ ಮೈದಾನದಲ್ಲಿ ನಿಂತು ಅದೇ ಮಾತು ಹೇಳುತ್ತಿದ್ದರು: "ನನ್ನ ತೊಡಿ ಮ್ಯಾಲ ಪ್ರಾಣ ಬಿಟ್ಟ. ಬಿಡೂಮುಂದ, ಅಣ್ಣಾರ ಹೋರಾಟ ನಿಲ್ಲಿಸಬ್ಯಾಡ್ರಿ ಅಂದ." ಜನ ಗದ್ದಲವೆಬ್ಬಿಸಿ ಜೈಕಾರ ಹಾಕುತ್ತಿದ್ದರು. ಕಸ್ತೂರೆವ್ವ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದಳು.

ಈ ಸಲ ವೇದಿಕೆಯ ಮೇಲೆ ತಾಳಿಕೋಟಿಯವರ ಪಕ್ಕದಲ್ಲಿ ನಾಡಗೌಡರು ನಿಂತಿದ್ದರು. "ನಾವು ಒಂದಾಗೇವಿ" ಎಂದು ತಾಳಿಕೋಟಿಯವರು ಹೇಳಿದಾಗ ಮೈದಾನದಲ್ಲಿ ಯಾರೂ ಚಪ್ಪಾಳೆ ತಟ್ಟಲಿಲ್ಲ. ಅವರು ಅದನ್ನು ಗಮನಿಸಿದಂತೆಯೂ ಕಾಣಲಿಲ್ಲ. ಫಕೀರಪ್ಪನ ಮಾತಿಗೆ ಬಂದರು.

"ಅಂವ ಏನೂ ಹೇಳಲಿಲ್ಲ. ನೀರು ಬೇಡಿದ. ನನ್ನ ಕಡೆ ನೀರಿರಲಿಲ್ಲ. ಬಾಜೂಕ ಐಸ್‌ಕ್ಯಾಂಡಿ ಗಾಡಿ ಉರುಳಿ ಬಿದ್ದಿತ್ತು. ಕ್ಯಾಂಡಿ ಕರಗಿದ ನೀರಾಗ ಟಾವೆಲ್ ಅದ್ದಿ ತುಟಿಗೆ ಹಚ್ಚಿದೆ. ಗದ್ದದ ಮ್ಯಾಲ ಕಿತ್ತಳಿ ಬಣ್ಣ ಇಳೀತು."

ಕಸ್ತೂರೆವ್ವ ಎದ್ದು ನಿಂತದ್ದು ಆಗ. ಹೆಣಕ್ಕೆ ನೀರು ಹಾಕುವಾಗ ಗದ್ದದ ಮೇಲೆ ಕಿತ್ತಳೆ ಬಣ್ಣದ ಕಲೆ ಇದ್ದದ್ದು ನಿಜ. ಅದು ಏನೆಂದು ತಿಳಿಯದೆ ಅವಳೇ ಬೆರಳಿನಿಂದ ತಿಕ್ಕಿ ತೊಳೆದಿದ್ದಳು. ಯಾರಿಗೂ ಹೇಳಿರಲಿಲ್ಲ.

ಆಮೇಲೆ ಅವಳು ನಾಡಗೌಡರ ಕಡೆ ನೋಡಿದಳು. ಅವರ ತುಟಿಗಳು ಅಲುಗಾಡುತ್ತಿದ್ದವು. ತಾಳಿಕೋಟಿಯವರ ಬಾಯಿಂದ ಬರುವ ಒಂದೊಂದು ಮಾತನ್ನೂ ಅವರು ಸದ್ದಿಲ್ಲದೆ, ಅದೇ ಹೊತ್ತಿಗೆ, ಆಡುತ್ತಿದ್ದರು. ಇಬ್ಬರ ಬಲಗೈಯೂ ಹೊಟ್ಟೆಯ ಕೆಳಗೆ ಬೊಗಸೆಯಂತೆ ಬಾಗಿ, ಅದರಲ್ಲೊಂದು ತಲೆ ಇಟ್ಟುಕೊಂಡ ಹಾಗೆ ನಿಂತಿತ್ತು.

ಮೈದಾನದ ಹಿಂಬದಿಯಿಂದ ಜನ ಒಬ್ಬೊಬ್ಬರಾಗಿ ಎದ್ದು ಹೋಗತೊಡಗಿದರು.

*

ಊರ ಹೊರಗಿನ ಗುಡ್ಡದ ಮೇಲೆ ಮಿದುಳು ಸಂಶೋಧನಾ ಕೇಂದ್ರವಿತ್ತು. ಅಲ್ಲಿ ಡಾ. ನಸೀಮಾ ಕಿತ್ತೂರ ಪರದೆಯ ಮೇಲಿನ ಎರಡು ಗೆರೆಗಳನ್ನು ಬಹಳ ಹೊತ್ತಿನಿಂದ ನೋಡುತ್ತ ಕುಳಿತಿದ್ದರು.

ನೆನಪು ಎಂಬುದು ಒಮ್ಮೆ ಬರೆದಿಟ್ಟರೆ ಮುಗಿಯುವಂಥದಲ್ಲ. ಮನುಷ್ಯ ಹಳೆಯದೊಂದನ್ನು ಮನಸ್ಸಿಗೆ ತಂದುಕೊಂಡಾಗಲೆಲ್ಲ ಅದು ಸ್ವಲ್ಪ ಹೊತ್ತು ಮೆತ್ತಗಾಗುತ್ತದೆ. ಮತ್ತೆ ಗಟ್ಟಿಯಾಗುವ ಮುನ್ನ ಅದಕ್ಕೆ ಹೊಸದೇನಾದರೂ ಅಂಟಿಕೊಳ್ಳಬಹುದು. ನಸೀಮಾ ಅವರ ಯಂತ್ರ ಕೆಲಸ ಮಾಡುತ್ತಿದ್ದದ್ದು ಆ ಮೆತ್ತಗಿನ ಹೊತ್ತಿನಲ್ಲಿ. ಬೆನ್ನಿಗೆ ಬೆನ್ನು ಹಚ್ಚಿದ ಎರಡು ಕುರ್ಚಿಗಳು, ತಲೆಗೆ ಸಣ್ಣ ತಂತಿಗಳ ಟೋಪಿ. ಜಗಳವಾಡಿದ ಇಬ್ಬರು ಕುಳಿತು ಒಂದೇ ದಿನವನ್ನು ನೆನೆಯಬೇಕು. ಒಬ್ಬರ ಮಿದುಳಿನಲ್ಲಿ ಎದ್ದ ಅಲೆಯನ್ನು ಯಂತ್ರ ಇನ್ನೊಬ್ಬರ ಮಿದುಳಿಗೆ ಮುಟ್ಟಿಸುತ್ತದೆ. ಎದುರಿನವರಿಗೆ ಆ ದಿನ ಹೇಗಿತ್ತೆಂಬುದು ಮನಸ್ಸಿಗೆ ತಾಗುತ್ತದೆ. ಗಂಡ ಹೆಂಡಿರ ವ್ಯಾಜ್ಯಗಳಲ್ಲಿ ಅಲೆಯನ್ನು ಸ್ವಲ್ಪವೇ ಮುಟ್ಟಿಸಿದರೆ ಸಾಕಾಗಿತ್ತು.

ತಾಳಿಕೋಟಿಯವರು ತಾವಾಗಿಯೇ ಬಂದಿದ್ದರು. ಹಿಂದಿನ ಚುನಾವಣೆಯಲ್ಲಿ ಎರಡೂ ಕಡೆ ಮತ್ತೆ ಹೆಣ ಬಿದ್ದಿದ್ದವು. "ಹೆಣಾ ಹೊರೂದು ಸಾಕಾಗೇತ್ರಿ ಬಾಯಾರ. ನನಗ ಅವನ ದ್ವೇಷ ಮಾಡಾಕ ಆಗಬಾರದು, ಹಂಗ ಮಾಡ್ರಿ" ಎಂದಿದ್ದರು. ನಾಡಗೌಡರೂ ಅದನ್ನೇ ಕೇಳಿದರು. ಯಾರ ಬಲವಂತವೂ ಇರಲಿಲ್ಲ. ಇಬ್ಬರೂ ಗಿರಣಿ ಗೇಟಿನ ದಿನವನ್ನೇ ಆರಿಸಿಕೊಂಡರು. ಅಲೆಯ ಬಲ ಹೆಚ್ಚಿಸಿರೆಂದು ಹಟ ಹಿಡಿದರು. ನಸೀಮಾ ಹೆಚ್ಚಿಸಿದರು.

"ಕಟ್ಟಿಯವರ, ಒಬ್ಬರದ ಎರಡು ಸಲ ಹಾಕೀರೇನು?" ಎಂದು ನಸೀಮಾ ಕೇಳಿದರು.

ಎಂಜಿನಿಯರ್ ಪ್ರಾಣೇಶ ಕಟ್ಟಿ ತಲೆಯಲ್ಲಾಡಿಸಿದರು. "ಇಲ್ಲ ಮೇಡಂ. ಮ್ಯಾಲಿಂದು ತಾಳಿಕೋಟಿಯವರದು, ಕೆಳಗಿಂದು ಗೌಡರದು. ಇವತ್ತ ಮುಂಜಾನಿ ತಗೊಂಡದ್ದು."

ಗೆರೆಗಳಲ್ಲಿ ಕೂದಲೆಳೆಯಷ್ಟೂ ವ್ಯತ್ಯಾಸವಿರಲಿಲ್ಲ. ಎರಡು ನೆನಪು ಬೆರೆಯುವುದು ಅವರಿಗೆ ಗೊತ್ತಿತ್ತು. ಎರಡು ಸೇರಿ ಒಂದೇ ಆಗಿ, ಒಂದು ತಲೆಯಲ್ಲಿ ಹುಟ್ಟಿದ್ದು ಯಾವುದು, ಹೊರಗಿನಿಂದ ಬಂದದ್ದು ಯಾವುದು ಎಂಬ ಗುರುತೇ ಅಳಿದುಹೋದದ್ದನ್ನು ಅವರು ಹಿಂದೆ ನೋಡಿರಲಿಲ್ಲ.

*

ಕಸ್ತೂರೆವ್ವ ಬಸ್ ನಿಲ್ದಾಣದ ಹಿಂದೆ ಖಾನಾವಳಿ ನಡೆಸುತ್ತಿದ್ದಳು. ಜೋಳದ ರೊಟ್ಟಿ, ಬದನೆಕಾಯಿ ಪಲ್ಯ, ಶೇಂಗಾ ಚಟ್ನಿ. ತಾಳಿಕೋಟಿಯವರ ಕಾರ್ಯಕರ್ತರೆಲ್ಲ ಅಲ್ಲಿಯೇ ಊಟಕ್ಕೆ ಬರುತ್ತಿದ್ದರು. ಮರುದಿನ ಅವರು ಬಂದರು, ಆದರೆ ತಟ್ಟೆಯ ಮುಂದೆ ಸುಮ್ಮನೆ ಕುಳಿತರು.

ಹಳೆಯ ಕಾರ್ಯಕರ್ತ ಮಲ್ಲೇಶಿಯೇ ಮೊದಲು ಬಾಯಿ ಬಿಟ್ಟ. ಗಿರಣಿ ಗೇಟಿನ ಗಲಾಟೆಯಲ್ಲಿ ಅವನ ಒಂದು ಕಣ್ಣು ಹೋಗಿತ್ತು.

"ಅಕ್ಕಾರ, ನಮ್ಮ ದೊಡ್ಡಪ್ಪನ ಮಗಾ ಗೌಡರ ಕಡೆ ಹೋದ ಅಂತ ಮನಿ ನಡಬರಕ ಗ್ವಾಡಿ ಹಾಕಿಸಿದ್ನಿ. ಅಡಗಿಮನಿ ಅವನ ಪಾಲಿಗೆ ಹೋತು, ಪಡಸಾಲ್ಯಾಗ ಒಲಿ ಹೂಡಿದ್ವಿ. ಈಗ ಇವರಿಬ್ಬರೂ ಒಂದ ಅಂತ. ಆ ಗ್ವಾಡಿ ಏನ್ ಮಾಡ್ಲಿ ನಾ?"

"ಕೆಡವು" ಎಂದನೊಬ್ಬ.

"ಕೆಡವಿ? ಅವನ ಮುಂದ ಏನಂತ ನಿಂದ್ರಲಿ? ಈ ಕಣ್ಣು ಯಾವನಿಗೆ ಕೊಟ್ಟೆ ಅಂತ ಹೇಳಲಿ?"

ಕಸ್ತೂರೆವ್ವ ರೊಟ್ಟಿ ಬಡಿಯುತ್ತಲೇ ಇದ್ದಳು. ಅವಳೊಳಗೂ ಅಂಥದೊಂದು ಗೋಡೆ ಇತ್ತು. ತಂಗಿ ಬಾಳವ್ವನನ್ನು ಕೊಟ್ಟದ್ದು ನಾಡಗೌಡರ ಕಟ್ಟಾಳು ಗುರುಸಿದ್ದಪ್ಪನಿಗೆ. ಫಕೀರಪ್ಪ ಸತ್ತ ದಿನ ಬಾಳವ್ವ ತಮ್ಮನ ಮುಖ ನೋಡಲೂ ಬರಲಿಲ್ಲ. ಅಂದಿನಿಂದ ಕಸ್ತೂರೆವ್ವ ಆ ಓಣಿಗೆ ಕಾಲಿಟ್ಟಿರಲಿಲ್ಲ. ಸಂತೆಯಲ್ಲಿ ಎದುರಾದರೆ ಮುಖ ತಿರುಗಿಸುತ್ತಿದ್ದಳು. ಯಾಕೆ ಬರಲಿಲ್ಲ ಎಂದು ಒಮ್ಮೆಯೂ ಕೇಳಿರಲಿಲ್ಲ. ಕೇಳಿದರೆ ಎಲ್ಲಿ ಮನಸ್ಸು ಕರಗೀತೋ ಎಂಬ ಅಂಜಿಕೆ.

ಅವಳನ್ನು ಕಾಡುತ್ತಿದ್ದದ್ದು ಕಿತ್ತಳೆ ಬಣ್ಣ. ಐಸ್‌ಕ್ಯಾಂಡಿಯ ನೀರು ನಿಜವಾದರೆ, ಇಷ್ಟು ವರ್ಷ ಕೇಳಿದ ಆ ಕೊನೆಯ ಮಾತು?

ಒಲೆ ಆರಿಸಿ ಅವಳು ತಾಳಿಕೋಟಿಯವರ ಮನೆಗೆ ಹೊರಟಳು.

*

ಪಡಸಾಲೆಯಲ್ಲಿ ಇಬ್ಬರೂ ಒಂದೇ ಹಾಸಿಗೆಯ ಮೇಲೆ ಕುಳಿತಿದ್ದರು. ನಾಡಗೌಡರಿಗೆ ಎಲೆ ಅಡಿಕೆಗೆ ತಂಬಾಕು ಹಾಕಿ ಜಗಿಯುವ ಚಟ. ತಾಳಿಕೋಟಿಯವರು ಹುಟ್ಟಿದಾಗಿನಿಂದ ತಂಬಾಕು ಮುಟ್ಟಿದವರಲ್ಲ. ಈಗ ಇಬ್ಬರ ದವಡೆಯೂ ಒಂದೇ ಲಯದಲ್ಲಿ ಆಡುತ್ತಿತ್ತು.

"ಬಾರವ್ವಾ ಕಸ್ತೂರಿ" ಎಂದರು ಇಬ್ಬರೂ.

ಅವಳು ಬಾಗಿಲಲ್ಲಿಯೇ ನಿಂತಳು. "ಅಣ್ಣಾರ, ಒಂದ ಮಾತು ಕೇಳಾಕ ಬಂದೀನಿ. ನಮ್ಮ ಫಕೀರಪ್ಪ ಯಾರ ತೊಡಿ ಮ್ಯಾಲ ಸತ್ತ?"

"ನನ್ನ ತೊಡಿ ಮ್ಯಾಲ."

ಉತ್ತರ ಇಬ್ಬರಿಂದಲೂ ಬಂತು. ಒಂದು ದನಿ ಗಡಸು, ಒಂದು ಕೀರಲು. ನಡುವೆ ಸಂದಿಯೇ ಇರಲಿಲ್ಲ.

"ಇಬ್ಬರ ತೊಡಿ ಮ್ಯಾಲ ಹೆಂಗ ಸಾಯ್ತಾನ್ರಿ ಒಬ್ಬ ಮನಷ್ಯಾ?"

ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ಆ ಪ್ರಶ್ನೆ ತಮಗೆಂದೂ ಹೊಳೆದಿರಲಿಲ್ಲವೆಂಬಂತೆ ಹುಬ್ಬು ಗಂಟಿಕ್ಕಿತು. ಮರುಕ್ಷಣ ಗಂಟು ಬಿಚ್ಚಿತು.

"ಹೊಡೀರಿ ಅಂತ ಮೊದಲ ಕೂಗಿದವರು ಯಾರು?" ಅವಳ ದನಿ ಏರಿತು.

"ನಾನ." ಇಬ್ಬರ ಕಣ್ಣಿಂದಲೂ ನೀರು ಇಳಿಯಿತು. ಬಲಗಣ್ಣಿಂದ ಮೊದಲು, ಆಮೇಲೆ ಎಡಗಣ್ಣಿಂದ. "ನನ್ನದ ತಪ್ಪು, ತಂಗಿ. ನನಗ ಕ್ಷಮಾ ಮಾಡು."

ಹನ್ನೊಂದು ವರ್ಷ ಅವಳು ಕಾದಿದ್ದು ಈ ಮಾತಿಗೆ. ನಾಡಗೌಡರ ಬಾಯಿಂದ ಇದನ್ನು ಕೇಳಿದ ದಿನ ಅವರ ಮುಖಕ್ಕೆ ಉಗುಳಿ ಬರುತ್ತೇನೆ ಎಂದುಕೊಂಡಿದ್ದಳು. ಈಗ ಯಾರಿಗೆ ಉಗುಳುವುದು? ತಪ್ಪು ಮಾಡಿದವನೂ ಮಾಡದವನೂ ಒಂದೇ ಸಮ ಅಳುತ್ತಿದ್ದರು. ಇಬ್ಬರ ಅಳುವೂ ನಿಜವಾಗಿತ್ತು.

"ನೀನೂ ಗುಡ್ಡದ ದವಾಖಾನ್ಯಾಗಿನ ಆ ಕುರ್ಚಿ ಮ್ಯಾಲ ಕೂಡ್ರವ್ವಾ" ಎಂದರು ಇಬ್ಬರೂ. "ಎದಿ ಹಗರ ಆಕ್ಕೈತಿ. ಊರಿಗೆಲ್ಲಾ ಕೂಡ್ರಸೂದೈತಿ. ಶಿಬಿರ ಹಚ್ಚಾಕತ್ತೀವಿ."

ಅವಳು ಚಪ್ಪಲಿ ಮೆಟ್ಟಿಕೊಳ್ಳದೆಯೇ ರಸ್ತೆಗೆ ಇಳಿದಳು.

*

ಶಿಬಿರಗಳು ವಾರ್ಡುಗಳಲ್ಲಿ ಶುರುವಾದವು. ಯಾರನ್ನೂ ಎಳೆದೊಯ್ಯಲಿಲ್ಲ. ಜನ ತಾವಾಗಿ ಹೋದರು. ನಾಯಕರು ಕೈಬಿಟ್ಟ ಮೇಲೆ ದ್ವೇಷ ಒಬ್ಬೊಬ್ಬರ ಮನೆಯಲ್ಲಿ ಒಬ್ಬಂಟಿಯಾಗಿ ಕುಳಿತಿತ್ತು; ಅದನ್ನು ಹೊತ್ತುಕೊಂಡು ತಿರುಗುವುದು ನಾಚಿಕೆಯ ಕೆಲಸವಾಗಿಬಿಟ್ಟಿತ್ತು.

ಮಲ್ಲೇಶಿಯೂ ಹೋದ. ನಾಲ್ಕು ದಿನ ಬಿಟ್ಟು ಖಾನಾವಳಿಗೆ ಬಂದಾಗ ಅವನ ಜೊತೆ ದೊಡ್ಡಪ್ಪನ ಮಗನಿದ್ದ. ಇಬ್ಬರೂ ನಗುತ್ತಿದ್ದರು. ಇಬ್ಬರೂ ತಲೆಯನ್ನು ಒಂದು ಕಡೆಗೆ ಓರೆ ಮಾಡಿ ನೋಡುತ್ತಿದ್ದರು. ಎರಡೂ ಕಣ್ಣು ಸರಿಯಿದ್ದ ದೊಡ್ಡಪ್ಪನ ಮಗನೂ ಒಕ್ಕಣ್ಣಿನವರಂತೆಯೇ.

"ಗ್ವಾಡಿ ಕೆಡವಿದ್ವಿ, ಅಕ್ಕಾರ."

"ಚಲೋ ಆತು" ಎಂದು ಅವಳು ರೊಟ್ಟಿ ಹಾಕಿದಳು. ನಿಜವಾಗಿಯೂ ಚಲೋ ಆಗಿತ್ತಲ್ಲವೇ?

ಮಲ್ಲೇಶಿ ತುತ್ತು ಎತ್ತಿದವನು ಕೆಳಗಿಟ್ಟ. "ಫಕೀರಪ್ಪನ ನೆನಪಾತು. ಪಾಪ, ನೀರು ಬೇಡಿದ. ನನ್ನ ಕಡೆ ನೀರಿರಲಿಲ್ಲ."

ಅವಳ ಕೈ ನಿಂತಿತು. "ನಿನ್ನ ಕಡೆ? ನೀ ಆವಾಗ ಕಣ್ಣಿಗೆ ಕೈ ಹಿಡಕೊಂಡು ಗೇಟಿನ ಆ ಕಡೆ ಬಿದ್ದಿದ್ದಿ. ನೀನ ಹೇಳಿದ್ದಿ ನನಗ."

"ಇಲ್ರೀ" ಎಂದರು ಇಬ್ಬರೂ ಮೃದುವಾಗಿ. "ನನ್ನ ತೊಡಿ ಮ್ಯಾಲ ಪ್ರಾಣ ಬಿಟ್ಟ." ಇಬ್ಬರ ಬಲಗೈಯೂ ಮೇಜಿನ ಕೆಳಗೆ ಬೊಗಸೆಯಂತೆ ಬಾಗಿತು.

ಮಳಿಗೆಗಳ ಸಾಲಿನಲ್ಲಿ, ಚಹಾದಂಗಡಿಯಲ್ಲಿ, ಬಸ್ಸಿನಲ್ಲಿ ಈಗ ಜಗಳವೆಂಬುದೇ ಇರಲಿಲ್ಲ. ಎದುರುಬದುರು ಕುಳಿತವರು ಒಟ್ಟಿಗೆ ಗ್ಲಾಸು ಎತ್ತುತ್ತಿದ್ದರು, ಒಟ್ಟಿಗೆ ಇಳಿಸುತ್ತಿದ್ದರು. ಹೂವಿನ ಮುದುಕಿಯಿಂದ ಹಿಡಿದು ತಹಶೀಲ್ದಾರರ ಕಚೇರಿಯ ಜವಾನನವರೆಗೆ ಎಲ್ಲರೂ ಕಸ್ತೂರೆವ್ವನನ್ನು ಕಂಡರೆ ಕಣ್ಣು ತುಂಬಿಕೊಳ್ಳುತ್ತಿದ್ದರು. ಅವರಲ್ಲಿ ಎಷ್ಟೋ ಜನ ಫಕೀರಪ್ಪನನ್ನು ಬದುಕಿದ್ದಾಗ ನೋಡಿದವರೇ ಅಲ್ಲ.

*

"ಒಂದೊಂದು ಜೋಡಿಗೂ ಬಹಳ ವೇಳೆ ಹಿಡೀತಿತ್ತು" ಎಂದರು ನಸೀಮಾ. ಗುಡ್ಡ ಹತ್ತಿ ಬಂದ ಕಸ್ತೂರೆವ್ವನಿಗೆ ಅವರು ನೀರು ಕೊಟ್ಟಿದ್ದರು. ಅವಳು ಕುಡಿದಿರಲಿಲ್ಲ. "ಅದಕ್ಕ ಆ ಇಬ್ಬರ ಕೂಡಿದ ನೆನಪನ್ನ ಅಚ್ಚಿನ ಹಂಗ ಇಟಗೊಂಡ್ವಿ. ಅದರ ಮ್ಯಾಲ ಬಾಕಿ ಜನರದು ಕೂಡಸೂದು ಸಲೀಸು. ತೆಳ್ಳಗ ಉಳೀತದ, ಅವರವರ ನೆನಪಿನ ಕೆಳಗ ಮುಚ್ಚಿ ಹೋಗ್ತದ ಅಂತ ತಿಳಕೊಂಡಿದ್ದೆ. ಹಂಗಾಗಲಿಲ್ಲ. ಅದ ಮ್ಯಾಲೆ ಬಂತು."

"ಹಂಗಾರ ಎಲ್ಲಾರ ತಲ್ಯಾಗೂ ನಮ್ಮ ತಮ್ಮ ಸಾಯಾಕತ್ಯಾನ."

ನಸೀಮಾ ಎದ್ದು ಪರದೆಯನ್ನು ಆರಿಸಿದರು.

"ಡಾಕ್ಟರ ಬಾಯಾರ, ಅಣ್ಣಾರು ಅಷ್ಟು ವರ್ಷ ಬ್ಯಾರೆ ಮಾತು ಹೇಳ್ತಿದ್ರು. ಹೋರಾಟ ನಿಲ್ಲಿಸಬ್ಯಾಡ್ರಿ ಅಂದ ಅಂತ. ಅದು ಸುಳ್ಳೇನು?"

ನಸೀಮಾ ಮಾತನ್ನು ಅಳೆದು ಆಡಿದರು. "ಎರಡು ನೆನಪು ಕೂಡಿದಾಗ ಬಲವಾದದ್ದು ಉಳೀತದ. ಮುಟ್ಟಿದ್ದು, ವಾಸನಿ, ಬಣ್ಣ ಇದ್ದದ್ದು ಬಲವಾದದ್ದು. ಬರೇ ಮಾತಿನಾಗ ಕಟ್ಟಿದ್ದು ಕರಗತದ. ನಿಮ್ಮ ತಮ್ಮನ್ನ ತೊಡಿ ಮ್ಯಾಲ ಮಲಗಿಸಿಕೊಂಡಾಂವ ಇಬ್ಬರೊಳಗ ಒಬ್ಬಾಂವ ಅದಾನ. ಇನ್ನೊಬ್ಬಾಂವಗ ಅದು ಆಮೇಲೆ ಬಂದದ್ದು."

"ಯಾರು ಅಂತ ನೋಡಿ ಹೇಳ್ರಿ."

"ಅದಕ್ಕ ದಾರಿ ಇಲ್ಲ. ಅವರಿಗೂ ಗೊತ್ತಿಲ್ಲ. ತಾಳಿಕೋಟಿಯವರು ಮೊದಲ ಸುಳ್ಳು ಹೇಳಿದ್ರೋ ಏನೋ, ಆದ್ರ ಈಗ ಅವರು ಸುಳ್ಳು ಹೇಳಾಕತ್ತಿಲ್ಲ. ಹೇಳಿದ್ದ ನೆನಪೂ ಅವರಿಗಿಲ್ಲ." ಅವರ ದನಿ ತಗ್ಗಿತು. "ಶಿಬಿರ ನಿಲ್ಲಿಸ್ರಿ ಅಂತ ಬರದು ಕೊಟ್ಟೆ. ಯಾರೂ ಕೇಳವಲ್ರು. ಊರಾಗ ಶಾಂತಿ ಐತಿ ಅಂತಾರ. ಕಟ್ಟಿಯವರೂ ಮೊನ್ನೆ ಕೂತು ಬಂದ್ರು."

ಕಿಟಕಿಯಾಚೆ, ವರಾಂಡದಲ್ಲಿ, ಪ್ರಾಣೇಶ ಕಟ್ಟಿ ಬಿಸಿಲಿಗೆ ಮುಖ ಮಾಡಿ ನಿಂತಿದ್ದರು. ಬಲಗೈ ಹೊಟ್ಟೆಯ ಕೆಳಗೆ ಬಾಗಿತ್ತು.

ಕಸ್ತೂರೆವ್ವನಿಗೆ ಒಮ್ಮೆಲೇ ಬಾಳವ್ವನ ನೆನಪಾಯಿತು. ಅವಳು ಏನೂ ಹೇಳದೆ ಎದ್ದು, ಗುಡ್ಡವನ್ನು ಹೆಚ್ಚುಕಡಿಮೆ ಓಡುತ್ತಲೇ ಇಳಿದಳು.

*

ಗುರುಸಿದ್ದಪ್ಪನ ಮನೆಯ ಬಾಗಿಲು ತೆರೆದೇ ಇತ್ತು. ಬಾಳವ್ವ ಮೊರದಲ್ಲಿ ಅಕ್ಕಿ ಆರಿಸುತ್ತ ಕುಳಿತಿದ್ದಳು. ಕೂದಲು ಅರ್ಧ ಬೆಳ್ಳಗಾಗಿತ್ತು. ಅಕ್ಕನನ್ನು ಕಂಡು ಅವಳು ಗಾಬರಿಯಾಗಲಿಲ್ಲ, ಅಳಲಿಲ್ಲ. ನಿನ್ನೆಯಷ್ಟೇ ಬಂದು ಹೋದವಳನ್ನು ಕರೆಯುವಂತೆ "ಬಾ ಅಕ್ಕಾ" ಎಂದಳು.

ಅಷ್ಟರಲ್ಲಿಯೇ ಕಸ್ತೂರೆವ್ವನಿಗೆ ತಿಳಿದುಹೋಯಿತು. ಆದರೂ ಕೇಳಿದಳು. ಇಷ್ಟು ವರ್ಷ ಗಂಟಲಲ್ಲಿ ಸಿಕ್ಕಿಕೊಂಡಿದ್ದ ಮಾತು.

"ಬಾಳೀ, ತಮ್ಮ ಸತ್ತ ದಿನಾ ಯಾಕ ಬರಲಿಲ್ಲ ನೀ?"

"ಬಂದಿದ್ನಲ್ಲಾ."

"ಬಂದಿರಲಿಲ್ಲ. ಸುಡಗಾಡಿಗೆ ಒಯ್ಯೂತನಕಾ ನಿನ್ನ ಹಾದಿ ನೋಡಿದೆ. ಹೆಣಾ ಎತ್ತಾಕ ಬಿಡಲಿಲ್ಲ ನಾ. ಬೈಯಿ ನನಗ, ಏನಾರ ಅನ್ನು, ಯಾಕ ಬರಲಿಲ್ಲ ಹೇಳು."

ಬಾಳವ್ವ ಮೊರ ಬದಿಗಿಟ್ಟು ಅಕ್ಕನ ಕೈ ಹಿಡಿದಳು. ಅವಳ ಮುಖದಲ್ಲಿ ಎಳ್ಳಷ್ಟೂ ಕಲ್ಮಶವಿರಲಿಲ್ಲ. "ಎಲ್ಲಿ ಹೋಗ್ಲಿ ಅಕ್ಕಾ? ನನ್ನ ತೊಡಿ ಮ್ಯಾಲನ ಇದ್ದ. ನೀರು ಬೇಡಿದ. ಗದ್ದದ ಮ್ಯಾಲ ಕಿತ್ತಳಿ ಬಣ್ಣ ಇಳೀತು."

ಕಸ್ತೂರೆವ್ವ ಕೈ ಕಿತ್ತುಕೊಂಡಳು. ಇವಳನ್ನು ಕ್ಷಮಿಸಬೇಕೆಂದು ಅವಳು ಬಂದಿದ್ದಳು. ಕ್ಷಮೆ ಬೇಕಾದವಳು ಆ ಮನೆಯಲ್ಲಿ ಇರಲಿಲ್ಲ.

"ಆಕಿನ್ನ ಕೇಳಬ್ಯಾಡ್ರಿ."

ಹಿತ್ತಲ ಬಾಗಿಲಲ್ಲಿ ಗುರುಸಿದ್ದಪ್ಪ ನಿಂತಿದ್ದ. ಗಡ್ಡ ಬೆಳೆದಿತ್ತು, ಕಣ್ಣು ಕೆಂಪಗಿದ್ದವು. ಅವನ ನೋಟದಲ್ಲಿ ಹಳೆಯ ಸಿಟ್ಟು ಹಾಗೆಯೇ ಇತ್ತು. ಅದನ್ನು ಕಂಡು ಕಸ್ತೂರೆವ್ವನಿಗೆ ಎಂಥದೋ ಧೈರ್ಯ ಬಂತು.

"ನೀ ಕೂಡ್ರಲಿಲ್ಲೇನು?"

"ಕೂಡ್ರಲಿಲ್ಲ. ನಮ್ಮ ಗೌಡರ ಸಲುವಾಗಿ ಜೇಲಿಗೆ ಹೋಗಿ ಬಂದಾಂವ ನಾ. ಮೊನ್ನೆ ನೋಡಾಕ ಹೋದ್ರ ನನ್ನ ಹೆಸರು ತಾಳಿಕೋಟಿಗೂ ಗೊತ್ತಿತ್ತು, ಇಬ್ಬರೂ ಕೂಡೇ ಕರದ್ರು. ಬಾಗಲದಾಗಿಂದನ ಹೊಳ್ಳಿ ಬಂದೆ ನಾ. ನಾ ಇಲ್ಲದಾಗ ಈಕಿ ಹೋಗಿ ಕೂತು ಬಂದ್ಲು. ನಿಮ್ಮ ಜೋಡಿ ಮಾತಾಡೂ ಆಸೆ ಇತ್ತಂತ." ಅವನು ಮೂಗೊರೆಸಿಕೊಂಡ. "ಆವತ್ತ ಆಕಿ ಹೊಂಟಿದ್ಲು. ನಿಮ್ಮ ಓಣಿ ಮೂಲಿತನಕಾ ಬಂದಿದ್ಲು. ನಿಮ್ಮ ಮಲ್ಲೇಶಿ ಕಣ್ಣಿಗೆ ಪಟ್ಟಿ ಕಟಗೊಂಡು ಅಡ್ಡ ನಿಂತ. ಕೊಂದವರ ಮನಿ ಹೆಂಗಸಿಗೆ ಇಲ್ಲೇನ್ ಕೆಲಸ ಅಂತ ತಿರುಗಿಸಿ ಕಳಿಸಿದ."

"ಸುಳ್ಳು. ಮಲ್ಲೇಶಿ ಅಂಥಾಂವಲ್ಲ."

"ಹಂಗಾರ ಅವನ್ನ ಕೇಳ್ರಿ."

ಕೇಳುವಂತಿರಲಿಲ್ಲ. ಇಬ್ಬರಿಗೂ ಅದು ಗೊತ್ತಿತ್ತು. ಬಾಳವ್ವ ಎದ್ದು ಇಬ್ಬರ ನಡುವೆ ಬಂದು ನಿಂತಳು. "ಜಗಳಾಡಬ್ಯಾಡ್ರಿ. ಎಲ್ಲಾರೂ ಅಲ್ಲೇ ಇದ್ವಿ" ಎಂದಳು ನಗುತ್ತ.

"ಇರಲಿಲ್ಲ!"

ಇಬ್ಬರೂ ಒಟ್ಟಿಗೇ ಕೂಗಿದ್ದರು. ಕಸ್ತೂರೆವ್ವ ಬೆಚ್ಚಿ ಅವನ ಮುಖ ನೋಡಿದಳು. ಅವನೂ ಅವಳನ್ನು ಹಾಗೆಯೇ ಭಯದಿಂದ ನೋಡುತ್ತಿದ್ದ.

"ನೀ ಎಲ್ಲಿದ್ದಿ ಆವಾಗ?" ಎಂದು ಅವಳು ಕೊನೆಗೆ ಕೇಳಿದಳು.

ಗುರುಸಿದ್ದಪ್ಪ ಹೊಸ್ತಿಲ ಮೇಲೆ ಕುಸಿದು ಕುಳಿತ. "ಗೇಟಿನ ಈ ಕಡೆ. ಕೈಯಾಗ ಕಲ್ಲಿತ್ತು. ಒಗದೆ. ನಿಮ್ಮ ತಮ್ಮಗ ಬಡದದ್ದು ನಂದೋ ಬ್ಯಾರೆಯವರದೋ, ಇವತ್ತಿನ ತನಕಾ ನನಗ ಗೊತ್ತಿಲ್ಲ. ಅಂವ ಬಿದ್ದದ್ದು ನೋಡಿದೆ. ನಮ್ಮ ಗೌಡರು ಓಡಿ ಹೋಗಿ ಅವನ ತಲಿ ಎತ್ತಿ ತೊಡಿ ಮ್ಯಾಲ ಇಟಗೊಂಡದ್ದೂ ನೋಡಿದೆ. ತಾಳಿಕೋಟಿ ಅಲ್ಲಿರಲೇ ಇಲ್ಲ. ಗೌಡರು ವೈರಿ ತಲಿ ಎತ್ತಿಕೊಂಡ್ರು ಅಂತ ಹೇಳಿದ್ರ ನಮ್ಮವರ ನನ್ನ ಕಡೀತಿದ್ರು."

ಬಾಗಿ ಅವನ ಕೊರಳ ಪಟ್ಟಿ ಹಿಡಿಯಬೇಕೆನಿಸಿತು ಅವಳಿಗೆ. ಅವನು ಅಳುತ್ತಿರಲಿಲ್ಲ, ಕ್ಷಮೆ ಕೇಳುತ್ತಿರಲಿಲ್ಲ. ಕಲ್ಲು ಹಿಡಿದಿದ್ದ ಆ ಕೈಯನ್ನು ಮಗ್ಗುಲಿಗೆ ಜೋತುಬಿಟ್ಟು ಅವಳ ಕಡೆಗೇ ನೋಡುತ್ತಿದ್ದ.

ಬಾಳವ್ವ ಮತ್ತೆ ಅಕ್ಕಿ ಆರಿಸಲು ಕುಳಿತಳು. ಬೊಗಸೆಯಂತೆ ಬಾಗಿದ ಬಲಗೈ ಸಡಿಲಿಸದೆ, ಎಡಗೈಯೊಂದರಿಂದಲೇ.

ಕಸ್ತೂರೆವ್ವ ಸೆರಗನ್ನು ಬಿಗಿಯಾಗಿ ಹೊದ್ದು, ಅವನ ಎದುರಿಗೆ ನೆಲದ ಮೇಲೆ ಕುಳಿತಳು.

"ನಾ ನಂಬಂಗಿಲ್ಲ" ಎಂದಳು. "ಮೊದಲಿಂದ ಹೇಳು."